ವಿಮಾನದ ಇಳಿತ: ಅಭ್ಯಾಸಯಂತ್ರದ ಚರಿತ್ರೆಯೂ ಕರ್ನಾಟಕದ ಎರಡು ದೃಷ್ಟಾಂತಗಳೂ

ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಲ್ಲಿ ವಿಮಾನನಿಲ್ದಾಣವಿಲ್ಲ. ಆ ಭಾಗದವರು ವಿಮಾನವೇರಲು ಸಾಮಾನ್ಯವಾಗಿ ಹುಬ್ಬಳ್ಳಿಗೆ ಹೋಗಬೇಕು. ಆದರೆ ಇಂದು ಅಂತಹ ಊರಿನಲ್ಲಿಯೂ ಒಂದು ಕಂಪ್ಯೂಟರು, ಒಂದು ಜಾಯ್‌ಸ್ಟಿಕ್ ಇದ್ದರೆ ವಿದ್ಯಾರ್ಥಿಯೊಬ್ಬನು ನೂರೈವತ್ತು ಜನರನ್ನು ಹೊರುವ ವಿಮಾನವನ್ನು ತೆರೆಯ ಮೇಲೆ ಇಳಿಸಬಲ್ಲನು. ಚಕ್ರಗಳು ನೆಲ ಮುಟ್ಟಿದ ಕ್ಷಣದಲ್ಲಿ ವಿಮಾನವು ನಿಮಿಷಕ್ಕೆ ಎಷ್ಟು ಅಡಿಯಂತೆ ಕೆಳಗಿಳಿಯುತ್ತಿತ್ತೆಂಬ ಅಂಕೆಯನ್ನೂ ಅವನು ನೋಡಬಹುದು. ಆ ಅಂಕೆ ಕಡಿಮೆಯಾದಷ್ಟೂ ಅವನಿಗೆ ಹಿಗ್ಗು. ಇದೊಂದರಿಂದಲೇ ಇಳಿತದ ಗುಣವನ್ನು ನಿರ್ಣಯಿಸಬಹುದೆ? ಈ ಪ್ರಶ್ನೆಗೆ ಉತ್ತರವನ್ನು ಅಭ್ಯಾಸಯಂತ್ರದ ಚರಿತ್ರೆಯಲ್ಲಿಯೂ ಕರ್ನಾಟಕದಲ್ಲಿ ನಡೆದ ಎರಡು ದುರಂತಗಳಲ್ಲಿಯೂ ಅರಸುವುದು ಈ ಲೇಖನದ ಉದ್ದೇಶ.

ನೆಲದ ಮೇಲೆಯೇ ಹಾರಾಟವನ್ನು ಕಲಿಸುವ ಯಂತ್ರಗಳಲ್ಲಿ ಮೊದಲು ಪ್ರಸಿದ್ಧಿಗೆ ಬಂದುದು 1929ರಲ್ಲಿ ಅಮೆರಿಕೆಯ ಎಡ್ವಿನ್ ಲಿಂಕ್ ರಚಿಸಿದ ಯಂತ್ರ. ಅವನ ತಂದೆಯದು ಆರ್ಗನ್ ವಾದ್ಯಗಳ ಕಾರ್ಖಾನೆ. ಆ ವಾದ್ಯಗಳ ತಿದಿಗಳಿಂದಲೇ ಲಿಂಕನು ತನ್ನ ಪೆಟ್ಟಿಗೆಯನ್ನು ವಾಲಿಸಿ, ಏಳಿಸಿ, ತಿರುಗಿಸಿದನು. ವೀರೇಶ್ವರ ಪುಣ್ಯಾಶ್ರಮದಿಂದಾಗಿ ಹಾರ್ಮೋನಿಯಮ್ಮಿನ ನಾದವನ್ನು ಬಲ್ಲ ಗದುಗಿನ ಸೀಮೆಯವರಿಗೆ ತಿದಿಯ ಕೆಲಸವನ್ನು ವಿವರಿಸಬೇಕಾದುದಿಲ್ಲ. ಮೊದಮೊದಲು ಈ ಯಂತ್ರವನ್ನು ಜಾತ್ರೆಯ ವಿನೋದದಂತೆ ಕಂಡವರೇ ಹೆಚ್ಚು. 1934ರಲ್ಲಿ ಅಂಚೆ ಸಾಗಿಸಲು ಹೊರಟ ಅಮೆರಿಕೆಯ ಸೈನ್ಯದ ವೈಮಾನಿಕರು ದುರ್ಯೋಗ ಹವೆಯಲ್ಲಿ ಸಿಕ್ಕಿ ಮಡಿದಾಗ ಅದರ ಬೆಲೆ ತಿಳಿಯಿತು. ಕಾಲಾಂತರದಲ್ಲಿ ಬ್ರೂಸ್ ಆರ್ಟ್‌ವಿಕ್ ಎಂಬವನ ಪ್ರಯತ್ನದಿಂದ 1979ರಲ್ಲಿ ಇದೇ ವಿದ್ಯೆ ಮನೆಯ ಕಂಪ್ಯೂಟರಿಗೆ ಬಂದಿತು. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ತನ್ನ ಹೆಸರಿನಲ್ಲಿ ಹೊರತಂದಿತು. ಹೀಗೆ ಪ್ರಾಣರಕ್ಷಣೆಗಾಗಿ ಬೆಳೆದ ಸಾಧನವು ಮತ್ತೆ ವಿನೋದಕ್ಕೂ ಒದಗಿತು.

ಇನ್ನು ಇಳಿತದ ಕ್ರಮವನ್ನು ನೋಡೋಣ. ದೊಡ್ಡ ವಿಮಾನವು ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತದೆ. ವೇಗವು 140 ನಾಟ್ ಇದ್ದರೆ ನಿಮಿಷಕ್ಕೆ ಸುಮಾರು 700 ಅಡಿ ಕೆಳಗಿಳಿಯುತ್ತದೆ. ರನ್‌ವೇಯ ಅಂಚನ್ನು ಸುಮಾರು 50 ಅಡಿ ಎತ್ತರದಲ್ಲಿ ದಾಟಿ, ನೆಲವು ಇಪ್ಪತ್ತು ಮೂವತ್ತು ಅಡಿ ಇರುವಾಗ ಮೂತಿಯನ್ನು ಕೊಂಚ ಎತ್ತಿ ಇಳಿತವನ್ನು ತಗ್ಗಿಸಬೇಕು. ಮೃದುತ್ವದ ಆಸೆಯಿಂದ ಮೂತಿಯನ್ನು ಎತ್ತಿಯೇ ಹಿಡಿದರೆ ವಿಮಾನವು ತೇಲತೊಡಗುತ್ತದೆ. ತೇಲಿದ ಒಂದೊಂದು ಸೆಕೆಂಡಿಗೂ ಸುಮಾರು 70 ಮೀಟರು ರನ್‌ವೇ ಹಿಂದೆ ಸರಿದುಹೋಗುತ್ತದೆ. ವಿಮಾನದ ಕಾಲುಗಳಾದರೋ ಸೆಕೆಂಡಿಗೆ 10 ಅಡಿ, ಎಂದರೆ ನಿಮಿಷಕ್ಕೆ 600 ಅಡಿ ಇಳಿತದ ಪೆಟ್ಟನ್ನು ತಾಳುವಂತೆ ರಚಿತವಾಗಿರುತ್ತವೆ. ಮಳೆ ನೀರು ನಿಂತ ರನ್‌ವೇಯಲ್ಲಿ ಚಕ್ರಗಳು ನೀರನ್ನು ಸೀಳಿ ನೆಲವನ್ನು ಹಿಡಿಯಬೇಕಾದುದರಿಂದ ಸ್ವಲ್ಪ ಗಟ್ಟಿಯಾದ ಸ್ಪರ್ಶವೇ ಮೇಲು. ಆದುದರಿಂದ ಮೃದುತ್ವವು ಒಳ್ಳೆಯ ಇಳಿತದ ಒಂದು ಫಲವಾಗಬಹುದೇ ಹೊರತು ಅದರ ಗುರಿಯಲ್ಲ. ಯೋಗ್ಯ ಎತ್ತರ, ಯೋಗ್ಯ ವೇಗ, ಯೋಗ್ಯ ಸ್ಥಾನ ಈ ಮೂರೂ ಚಕ್ರವು ನೆಲ ಮುಟ್ಟುವ ಎಷ್ಟೋ ಮೊದಲೇ ಕೂಡಿಬರಬೇಕು. ಇವು ಕೂಡದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ದೃಷ್ಟಾಂತಗಳುಂಟು.

ಮೊದಲನೆಯದು ಬೆಂಗಳೂರಿನದು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-320 ವಿಮಾನವು ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟದೆ, ಈಚೆಯ ಗಾಲ್ಫ್ ಮೈದಾನದಲ್ಲಿ ಬಿದ್ದಿತು. ಹಗಲು, ಆಕಾಶ ನಿರ್ಮಲ. 146 ಜನರಲ್ಲಿ 92 ಮಂದಿ ಮಡಿದರು. ಎಂಜಿನುಗಳು ಕನಿಷ್ಠ ಬಲದಲ್ಲಿಯೇ ಉಳಿದಿದ್ದವು. 132 ನಾಟ್ ಇರಬೇಕಾಗಿದ್ದ ವೇಗವು 106ಕ್ಕೆ ಕುಸಿದುದು ಸಕಾಲದಲ್ಲಿ ಗಮನಕ್ಕೆ ಬರಲಿಲ್ಲ. ಕೊನೆಗೆ ಪೂರ್ಣ ಬಲವನ್ನು ಕೇಳಿದರೂ ಎಂಜಿನುಗಳು ಅದನ್ನು ಒದಗಿಸಲು ಬೇಕಾದ ಕೆಲವು ಸೆಕೆಂಡುಗಳು ಉಳಿದಿರಲಿಲ್ಲ.

ಎರಡನೆಯದು ಇದಕ್ಕೆ ವಿರುದ್ಧ ಬಗೆಯದು. 2010ರ ಮೇ 22ರ ಬೆಳಗಿನಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಬೋಯಿಂಗ್ 737 ವಿಮಾನವು ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಣ ರನ್‌ವೇಗೆ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದಿತು. 2,450 ಮೀಟರಿನ, ಎಂದರೆ ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿಯಷ್ಟು ಕಳೆದ ಮೇಲೆ ಅದು ನೆಲ ಮುಟ್ಟಿತು. ತುದಿಯನ್ನು ಮೀರಿ ಕಣಿವೆಗೆ ಉರುಳಿತು. 166 ಜನರಲ್ಲಿ ಬದುಕಿದವರು ಎಂಟೇ ಮಂದಿ. ಇಳಿಯದೆ ಮತ್ತೆ ಮೇಲೇರಬೇಕೆಂದು ಸಹವೈಮಾನಿಕನು ಮೂರು ಬಾರಿ ಹೇಳಿದ್ದನು. ಮುಖ್ಯ ವೈಮಾನಿಕನು ಅದನ್ನು ಪಾಲಿಸಲಿಲ್ಲವೆಂದು ವಿಚಾರಣಾ ಮಂಡಲಿಯು ಕಂಡುಕೊಂಡಿತು.

ಒಂದು ವಿಮಾನ ಈಚೆಯೇ ಬಿದ್ದಿತು. ಇನ್ನೊಂದು ಆಚೆಗೆ ದಾಟಿತು. ಎರಡರಲ್ಲಿಯೂ ಮೃದುತ್ವದ ಆಸೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಎರಡರಲ್ಲಿಯೂ ತಪ್ಪು ಆರಂಭವಾದುದು ನೆಲ ಮುಟ್ಟುವ ಮೊದಲೇ ಎಂಬುದು ಸ್ಪಷ್ಟ. ಮನೆಯ ಯಂತ್ರವು ತೋರುವ ಅಂಕೆಯಾದರೋ ಕೊನೆಯ ಒಂದು ಕ್ಷಣದ್ದು ಮಾತ್ರ. ಬಜ್ಪೆಯಲ್ಲಿ ಚಕ್ರಗಳು ಎಷ್ಟೇ ಮೆತ್ತಗೆ ನೆಲ ಮುಟ್ಟಿದ್ದರೂ ಉಳಿದ ರನ್‌ವೇ ಒಂದಡಿಯೂ ಹೆಚ್ಚುತ್ತಿರಲಿಲ್ಲ.

ಹಾಗೆಂದು ಈ ವಿನೋದವನ್ನು ನಾವು ಹಳಿಯುತ್ತಿಲ್ಲ. ಸರಿಯಾಗಿ ಬಳಸಿದರೆ ಅದು ಉತ್ತಮ ಪಾಠಶಾಲೆ. ಸಾವಿರ ಅಡಿ ಎತ್ತರದಲ್ಲಿ ವೇಗವೂ ದಾರಿಯೂ ಸರಿಯಿದ್ದವೆ, ಚಕ್ರವು ರನ್‌ವೇಯ ಮೊದಲ ಭಾಗದಲ್ಲಿಯೇ ನೆಲ ಮುಟ್ಟಿತೆ ಎಂಬುದನ್ನು ವಿದ್ಯಾರ್ಥಿಯು ಮೊದಲು ನೋಡಲಿ. ಮೃದುತ್ವದ ಅಂಕೆಯನ್ನು ಕೊನೆಗೆ ನೋಡಲಿ. ಸರಿಯಿಲ್ಲದ ಇಳಿತವನ್ನು ಕೈಬಿಟ್ಟು ಮತ್ತೆ ಮೇಲೇರುವುದನ್ನೂ ಅಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಲಿ. ತೆರೆಯ ಮೇಲೆ ತಪ್ಪಿದವನು ಗುಂಡಿಯೊಂದನ್ನೊತ್ತಿ ಪುನಃ ಆರಂಭಿಸಬಹುದು. ನಿಜವಾದ ಹಾರಾಟದಲ್ಲಿ ಆ ಅವಕಾಶವಿಲ್ಲ.