ಕೊರಳಿಗೊಂದು ಕ್ಯಾಮೆರಾ

ಒಡವೆ ತೋರಿಸಿಕೊಳ್ಳುವುದು ಹೆಂಗಸರ ಗುಣವೆಂದು ಗಂಡಸರು ಮೊದಲಿನಿಂದಲೂ ಹಾಸ್ಯ ಮಾಡುತ್ತ ಬಂದಿದ್ದಾರೆ. ಮದುವೆಮನೆಯ ಮೂಲೆಯಲ್ಲಿ ನಾಲ್ಕು ಜನ ಕೂತು ಒಬ್ಬರ ಬಳೆಯನ್ನು ಇನ್ನೊಬ್ಬರು ಹೊರಳಿಸಿ ನೋಡಿದರೆ ಸಾಕು, ಅವರ ನಗೆಚಾಟಿಕೆಗೆ ಅಷ್ಟೇ ಬೇಕು. ಆದರೆ ಕ್ಯಾಮೆರಾ ಹುಚ್ಚಿನ ನಾಲ್ಕು ಗಂಡಸರು ಒಂದು ಮೇಜಿನ ಸುತ್ತ ಸೇರಿದ್ದನ್ನು ನೀವು ನೋಡಿದ್ದೀರಾ? ಬೆಂಗಳೂರಿನಲ್ಲಿ ನನ್ನ ಸೋದರಮಾವನ ಮಗನ ಮನೆಯಲ್ಲಿ ನಾನು ನೋಡಿದೆ. ಕಾಫಿ ಲೋಟಗಳನ್ನು ಆಚೆ ಸರಿಸಿ, ಮೆತ್ತನೆಯ ಬಟ್ಟೆ ಹಾಸಿ, ಒಬ್ಬೊಬ್ಬರೇ ಚೀಲದಿಂದ ತಮ್ಮ ಡಿಜಿಟಲ್ ಕ್ಯಾಮೆರಾ ತೆಗೆದಿಟ್ಟರು. ಮೈಯ ಕೆಳಗಿನರ್ಧಕ್ಕೆ ಮಾತ್ರ ತೊಡಿಸುವ ಚರ್ಮದ ಅಂಗಿ, ರೇಷ್ಮೆ ಹುರಿ ಹೆಣೆದು ಮಾಡಿದ ಕೊರಳಪಟ್ಟಿ, ಗುಂಡಿ ಒತ್ತುವಲ್ಲಿ ತಿರುಪಿ ಕೂರಿಸುವ ಕುಂಕುಮದ ಬೊಟ್ಟಿನಂಥ ಕೆಂಪು ಬಿಲ್ಲೆ, ಹೆಬ್ಬೆರಳು ಆನಿಸಲು ಹಿತ್ತಾಳೆಯ ಕೊಂಡಿ, ಲೆನ್ಸಿನ ಬಾಯಿಗೆ ಬಿಸಿಲು ತಡೆಯುವ ಟೋಪಿ. ಒಂದೊಂದಕ್ಕೂ ಒಂದು ಬೆಲೆ, ಒಂದು ಕಥೆ, ಕೊನೆಗೆ ‘ಇದು ಈಗ ಸಿಗೋದಿಲ್ಲ’ ಎಂಬ ಒಂದು ಮಾತು. ಎರಡು ಗಂಟೆ ಹೊತ್ತಿನಲ್ಲಿ ಯಾರೂ ಒಂದೇ ಒಂದು ಫೋಟೋ ತೋರಿಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಅತ್ತೆ, ‘ಒಡವೆ ಪೆಟ್ಟಿಗೆ ಬಿಚ್ಚಿಟ್ಟ ಹಾಗಿದೆ ನೋಡೇ’ ಎಂದರು.

ಆಮೇಲೆ ಆ ಕ್ಯಾಮೆರಾಗಳ ಚರಿತ್ರೆ ಓದುತ್ತ ಹೋದಂತೆ, ಅತ್ತೆಯ ಮಾತು ಅವರು ಅಂದುಕೊಂಡಿದ್ದಕ್ಕಿಂತಲೂ ನಿಜವೆಂದು ನನಗೆ ಅನ್ನಿಸತೊಡಗಿತು. ಒಡವೆ ಮೆರೆಯುವುದಕ್ಕೂ ಉಂಟು, ಆಪತ್ತಿಗೂ ಉಂಟು. ಕ್ಯಾಮೆರಾ ಕೂಡ ಹಾಗೇ ಆಗಿತ್ತು.

ಇವುಗಳ ಜಾತಿಗೆ ರೇಂಜ್‌ಫೈಂಡರ್ ಎನ್ನುತ್ತಾರೆ. ಅಂದರೆ ದೂರ ಅಳೆಯುವುದು. ಕೈ ಚಾಚಿ ಒಂದು ಬೆರಳೆತ್ತಿ, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಮೂಗಿನ ಹತ್ತಿರ ತಂದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ಈ ಜಿಗಿತವೇ ಇದರ ಗುಟ್ಟು. ಕ್ಯಾಮೆರಾದ ಮುಂಭಾಗದಲ್ಲಿ ಎರಡು ಪುಟ್ಟ ಕಿಟಕಿಗಳಿರುತ್ತವೆ. ಎರಡರಿಂದಲೂ ಬಂದ ಮುಖ ಒಂದರ ಪಕ್ಕ ಒಂದು ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಎರಡು ಮುಖವೂ ಸರಿದು ಒಂದಾಗುತ್ತವೆ. ಒಂದಾದ ಕ್ಷಣ ಗುಂಡಿ ಒತ್ತಬೇಕು. ನಮ್ಮ ಮದುವೆ ಫೋಟೋದವರು ಹಿಡಿಯುತ್ತಿದ್ದ ಎಸ್‌ಎಲ್‌ಆರ್‌ನ ಹೊಟ್ಟೆಯಲ್ಲಿ ಕನ್ನಡಿಯಿರುತ್ತದೆ, ಪ್ರತಿ ಸಲವೂ ಟಪ್ಪೆಂದು ಎದ್ದು ಬೀಳುತ್ತದೆ. ಇದಕ್ಕೆ ಕನ್ನಡಿಯಿಲ್ಲ, ಆದ್ದರಿಂದ ಮೈಯೂ ಸಣ್ಣದು, ಸದ್ದೂ ಸಣ್ಣದು. ಒಂದು ತಮಾಷೆಯೂ ಇದೆ. ಲೆನ್ಸಿನ ಮೂಲಕ ನೋಡುವ ಪದ್ಧತಿಯೇ ಇಲ್ಲವಾದ್ದರಿಂದ, ಹಲವು ಲಕ್ಷ ಬೆಲೆಯ ಕ್ಯಾಮೆರಾದ ಮುಚ್ಚಳ ತೆಗೆಯದೆ ಫೋಟೋ ತೆಗೆಯುತ್ತ ನಿಲ್ಲಬಹುದು, ಒಳಗಿನಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ!

ಇಂಥದ್ದೊಂದು ಸಣ್ಣ ಕ್ಯಾಮೆರಾ ಹುಟ್ಟಿದ್ದು ಒಬ್ಬನ ಉಬ್ಬಸದಿಂದ. ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನಲ್ಲಿ ಅರ್ನ್ಸ್ಟ್ ಲೈಟ್ಸ್ ಎಂಬ ಸೂಕ್ಷ್ಮದರ್ಶಕ ಮಾಡುವ ಕಾರ್ಖಾನೆಯಿತ್ತು. ಅಲ್ಲಿನ ಓಸ್ಕರ್ ಬಾರ್ನಾಕ್‌ಗೆ ಬೆಟ್ಟ ಹತ್ತಿ ಫೋಟೋ ತೆಗೆಯುವ ಆಸೆ, ಆದರೆ ಗಾಜಿನ ಹಲಗೆಗಳ ಭಾರದ ಪೆಟ್ಟಿಗೆ ಹೊರುವ ಎದೆಯಿಲ್ಲ. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಜೇಬಿನಲ್ಲಿ ಹಿಡಿಯುವಂಥ ಕ್ಯಾಮೆರಾವನ್ನು 1914ರ ಹೊತ್ತಿಗೆ ಆತ ಮಾಡಿಕೊಂಡಿದ್ದ. ಅಷ್ಟರಲ್ಲಿ ಯುದ್ಧ ಬಂತು. ಅದು ಮಾರಾಟಕ್ಕೆಂದು ಲೈಪ್‌ಜಿಗ್ ಜಾತ್ರೆಗೆ ಬಂದದ್ದು 1925ರಲ್ಲಿ, ಲೈಟ್ಸ್ ಮತ್ತು ಕ್ಯಾಮೆರಾ ಎರಡನ್ನೂ ಕೂಡಿಸಿ ಲೈಕಾ ಎಂಬ ಹೆಸರಿನಲ್ಲಿ. ದೂರ ಅಳೆಯುವ ಸಾಧನ ಆಗ ಅದರೊಳಗೆ ಇರಲಿಲ್ಲ. ಬೇರೆಯಾಗಿ ಕೊಂಡು ತಲೆಯ ಮೇಲೆ ಸಿಕ್ಕಿಸಬೇಕಿತ್ತು, ಚೌರಿ ಕುಪ್ಪಿಗೆ ಸಿಕ್ಕಿಸಿದ ಹಾಗೆ. ಒಳಗೇ ಸೇರಿಕೊಂಡು ಲೆನ್ಸಿನ ಜೊತೆ ತಿರುಗತೊಡಗಿದ್ದು 1932ರಲ್ಲಿ.

ಹೀಗೆ ಸಿಕ್ಕಿಸುವ ಸಾಮಾನುಗಳೇ ಮುಂದೆ ಒಂದು ಲೋಕವಾಯಿತು. ತಂತಿ ಕಳಿಸಿ ತರಿಸಿಕೊಳ್ಳಲು ಅನುಕೂಲವಾಗಲೆಂದು ಕಂಪೆನಿ ಒಂದೊಂದಕ್ಕೂ ಐದೈದು ರೋಮನ್ ಅಕ್ಷರದ ಹೆಸರಿಟ್ಟಿತು. ಬಿಸಿಲು ತಡೆಯುವ ಟೋಪಿಗೆ ಫಿಸನ್, ನೋಡುವ ಗಾಜಿಗೆ ವಿಡೋಮ್, ಹತ್ತಿರದ ವಸ್ತುಗಳನ್ನು ತೆಗೆಯುವ ಸಾಧನಕ್ಕೆ ನೂಕಿ. ಜಡೆಬಿಲ್ಲೆ, ಕೆನ್ನೆಸರಪಳಿ, ಬುಗುಡಿ ಎಂದು ನಾವು ಹೇಳುವಷ್ಟೇ ಮುದ್ದಿನಿಂದ ಆ ಹೆಸರುಗಳನ್ನು ಈಗಲೂ ಹೇಳುವವರಿದ್ದಾರೆ. ಹೋಲಿಕೆ ನನ್ನದೇ ಎಂದು ನೀವು ಅನ್ನಬೇಡಿ. 1929ರ ಸುಮಾರಿಗೆ ಕಂಪೆನಿಯೇ ಮೈಗೆ ಚಿನ್ನದ ಲೇಪ, ಅದರ ಮೇಲೆ ಸರೀಸೃಪದ ಚರ್ಮ ಹೊದಿಸಿದ ಲೈಕಾಗಳನ್ನು ಮಾಡಿ ಮಾರಿತು. ಬೆಟ್ಟ ಹತ್ತುವಾಗ ಭಾರವಾಗದಿರಲೆಂದು ಮಾಡಿದ ವಸ್ತು ನಾಲ್ಕೈದು ವರ್ಷದಲ್ಲೇ ಒಡವೆಯಾಗಿತ್ತು. ಇನ್ನು 2022ರ ಜೂನ್‌ನಲ್ಲಿ ಬಾರ್ನಾಕ್‌ನ ಸ್ವಂತದ್ದಾಗಿದ್ದ ಒಂದು ಹಳೆಯ ಲೈಕಾ ಹರಾಜಿನಲ್ಲಿ 1.44 ಕೋಟಿ ಯೂರೋಗೆ ಹೋಯಿತು. ಅದನ್ನು ಕೊಂಡವರು ಬೆಟ್ಟ ಹತ್ತಲಿಕ್ಕಿಲ್ಲ.

ಡಿಜಿಟಲ್ ಕಾಲ ಬಂದಾಗ ಈ ಜಾತಿ ಅಳಿದುಹೋಗುತ್ತದೆ ಎಂದುಕೊಂಡವರು ಬಹಳ. ಅಳಿಯಲಿಲ್ಲ, ಬದಲಿಗೆ ಶೃಂಗಾರ ಹೆಚ್ಚಾಯಿತು. ಮೊದಲ ಡಿಜಿಟಲ್ ರೇಂಜ್‌ಫೈಂಡರನ್ನು ಮಾಡಿದ್ದು 2004ರಲ್ಲಿ ಜಪಾನಿನ ಎಪ್ಸನ್. ಸೀಕೋ ಗಡಿಯಾರದ ಮನೆತನದ್ದಾದ್ದರಿಂದಲೋ ಏನೋ, ಅದರ ನೆತ್ತಿಯ ಮೇಲೆ ಗಡಿಯಾರದಂಥ ಮುಳ್ಳುಗಳಿದ್ದವು. ಇನ್ನೆಷ್ಟು ಚಿತ್ರ ಉಳಿದಿದೆ, ಬ್ಯಾಟರಿ ಎಷ್ಟಿದೆ ಎಂಬುದನ್ನು ಮುಳ್ಳುಗಳೇ ತೋರಿಸಬೇಕು. ಒಳಗೆ ಫಿಲ್ಮಿನ ಸುರುಳಿ ಇಲ್ಲದಿದ್ದರೂ, ಪ್ರತಿ ಚಿತ್ರಕ್ಕೂ ಹಳೆಯ ಕಾಲದ ಹಾಗೆ ಸನ್ನೆ ಎಳೆಯಲೇಬೇಕು. ಶಟರ್ ಏರಿಸಲು ಅದು ಬೇಕಿತ್ತು ನಿಜ, ಆದರೆ ಕೊಂಡವರಿಗೆ ಆ ಎಳೆತದ ಸುಖವೇ ಮುಖ್ಯವಾಗಿತ್ತು ಎಂದು ನನ್ನ ಊಹೆ. 2018ರ ಲೈಕಾ ಎಂ10-ಡಿ ಇನ್ನೂ ಮುಂದಕ್ಕೆ ಹೋಯಿತು. ತೆಗೆದ ಚಿತ್ರ ನೋಡುವ ಪರದೆಯೇ ಅದಕ್ಕಿಲ್ಲ, ಆದರೆ ಹಳೆಯ ಸನ್ನೆಯ ಆಕಾರದ್ದೊಂದು ಕೊಂಡಿಯಿದೆ. ಅದು ಎಳೆಯುವುದು ಏನನ್ನೂ ಅಲ್ಲ, ಹೆಬ್ಬೆರಳಿಗೆ ಆಸರೆ ಅಷ್ಟೆ. 2015ರಲ್ಲಿ ಕಂಪೆನಿ ಹೊಚ್ಚಹೊಸ ಕ್ಯಾಮೆರಾದ ಕಪ್ಪು ಬಣ್ಣವನ್ನು ಕೈಯಿಂದಲೇ ಅಲ್ಲಲ್ಲಿ ಕೆರೆದು, ಹಿತ್ತಾಳೆ ಇಣುಕುವಂತೆ ಮಾಡಿ, ವರ್ಷಗಟ್ಟಲೆ ಯುದ್ಧಭೂಮಿಯಲ್ಲಿ ಸವೆದದ್ದರಂತೆ ಕಾಣಿಸುವ 125 ಜೋಡಣೆಗಳನ್ನು ಮಾರಿತು. ಹೊಸ ಬಂಗಾರಕ್ಕೆ ‘ಆಂಟಿಕ್’ ಮಾಸಲು ಬಣ್ಣ ಕೊಡಿಸುವ ನಮ್ಮ ಹುಡುಗಿಯರನ್ನು ಇನ್ನು ಯಾರೂ ಆಡಿಕೊಳ್ಳಬಾರದು.

ಇವುಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು 2006ರ ಲೈಕಾ ಎಂ8ರ ಕಥೆ. ಲೈಕಾದ ಈ ಎಂ ಸಾಲಿನಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಅದು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ತಡೆಯುವ ಗಾಜು ಅದರೊಳಗೆ ಬಲು ತೆಳುವಾಗಿತ್ತು. ಫಲವಾಗಿ, ಕೆಲವು ಕಪ್ಪು ಸಿಂಥೆಟಿಕ್ ಬಟ್ಟೆಗಳು ಚಿತ್ರದಲ್ಲಿ ನೇರಳೆ ಬಣ್ಣಕ್ಕೆ ತಿರುಗಿದವು. ಕಪ್ಪು ಸೂಟಿನ ಮದುಮಗ ಬದನೆಕಾಯಿ ಬಣ್ಣದಲ್ಲಿ ನಿಂತರೆ ಹೇಗಿದ್ದೀತು? ಕೊನೆಗೆ ಕಂಪೆನಿ ಕೊಂಡವರಿಗೆಲ್ಲ ಲೆನ್ಸಿಗೆ ಹಾಕಿಕೊಳ್ಳುವ ಎರಡೆರಡು ಗಾಜುಗಳನ್ನು ಪುಕ್ಕಟೆ ಕೊಟ್ಟಿತು. ಮೇಜಿನ ಮೇಲೆ ಹರಡಲು ಇನ್ನೊಂದು ಸಾಮಾನು ಹೆಚ್ಚಾಯಿತು.

ಆದರೆ ಇದೇ ಕ್ಯಾಮೆರಾವನ್ನು ಬಚ್ಚಿಟ್ಟುಕೊಂಡವರ ಕಥೆಯೂ ಇದೆ. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋ 1932ರಲ್ಲಿ ಮೊದಲ ಲೈಕಾ ಕೊಂಡವರು. ಬೆಳ್ಳಿಯಂತೆ ಹೊಳೆಯುವ ಅದರ ಅಂಚುಗಳಿಗೆಲ್ಲ ಕಪ್ಪು ಪಟ್ಟಿ ಅಂಟಿಸಿದರು. ಜನ ಕ್ಯಾಮೆರಾ ನೋಡಿದರೆ ಮುಖ ಬದಲಾಗುತ್ತದೆ, ಆದ್ದರಿಂದ ಅದು ಕಾಣಬಾರದು ಎಂಬುದು ಅವರ ಲೆಕ್ಕ. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕಂಡು ಬಂದ ಸ್ವಲ್ಪ ಹೊತ್ತಿಗೇ ಗುಂಡಿನ ಸುದ್ದಿ ಬಂತು. ಆ ರಾತ್ರಿ ಮತ್ತು ಮರುದಿನ ಅವರು ತೆಗೆದ ಚಿತ್ರಗಳನ್ನು ಲೋಕವೆಲ್ಲ ನೋಡಿದೆ. ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂದು ಆಗ ಯಾರೂ ಕೇಳಿರಲಿಕ್ಕಿಲ್ಲ.

ಕ್ಯಾಮೆರಾವನ್ನು ಬೇಕೆಂದೇ ತೋರಿಸಿದ ಒಬ್ಬಾಕೆಯನ್ನು ನಾನು ಮೆಚ್ಚುತ್ತೇನೆ. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಇಲ್ಸೆ ಬಿಂಗ್, 1929ರಲ್ಲಿ ಲೈಕಾ ಕೊಂಡು ಮರುವರ್ಷ ಪ್ಯಾರಿಸ್ ಸೇರಿದಳು. 1931ರಲ್ಲಿ ಎರಡು ಕನ್ನಡಿ ಇಟ್ಟು ತನ್ನದೇ ಚಿತ್ರ ತೆಗೆದುಕೊಂಡಳು. ಒಂದು ಕನ್ನಡಿಯಲ್ಲಿ ಆಕೆಯ ಪಕ್ಕದ ಮುಖ, ಇನ್ನೊಂದರಲ್ಲಿ ಕ್ಯಾಮೆರಾದ ಹಿಂದೆ ನಮ್ಮನ್ನೇ ನೆಟ್ಟು ನೋಡುವ ಕಣ್ಣು. ‘ಇದು ನನ್ನದು, ಇದರಿಂದ ನಾನು ಅನ್ನ ದುಡಿಯುತ್ತೇನೆ’ ಎಂದು ಹೇಳಿದಂತಿದೆ ಆ ಚಿತ್ರ. ಲೈಕಾದ ರಾಣಿ ಎಂದು ಆಕೆಯನ್ನು ಕರೆದರು. ಯಹೂದಿಯಾಗಿದ್ದ ಆಕೆಯನ್ನು 1940ರಲ್ಲಿ ಫ್ರಾನ್ಸಿನ ಗುರ್ಸ್ ಎಂಬ ಶಿಬಿರದಲ್ಲಿ ಕೂಡಿಹಾಕಿದರು. 1941ರಲ್ಲಿ ಹೇಗೋ ಅಮೆರಿಕ ಸೇರಿದಳು. 1959ರಲ್ಲಿ ಫೋಟೋ ತೆಗೆಯುವುದನ್ನೇ ಬಿಟ್ಟು, ಮುಂದೊಂದು ಕಾಲದಲ್ಲಿ ಜೀವನೋಪಾಯಕ್ಕೆ ನಾಯಿಗಳ ಕೂದಲು ಕತ್ತರಿಸಿ ಸಿಂಗರಿಸುವ ಕೆಲಸವನ್ನೂ ಮಾಡಿದಳು. ತೊಂಬತ್ತೆಂಟು ದಾಟಿ, 1998ರಲ್ಲಿ ತೀರಿಕೊಂಡಳು.

ಆಪತ್ತಿಗೆ ಒಡವೆ ಎಂದೆನಲ್ಲ, ಅದನ್ನೀಗ ಹೇಳಬೇಕು. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಡುವ ಯಹೂದಿಗಳು ಕೈಯಲ್ಲಿ 10 ಮಾರ್ಕ್‌ಗಿಂತ ಹೆಚ್ಚು ಹಣ ಒಯ್ಯುವ ಹಾಗಿರಲಿಲ್ಲ. ಲೈಟ್ಸ್ ಕಾರ್ಖಾನೆಯ ಯಜಮಾನ, ಎರಡನೆಯ ಅರ್ನ್ಸ್ಟ್ ಲೈಟ್ಸ್, ಹಲವು ಯಹೂದಿ ಯುವಕರಿಗೆ ಕೆಲಸ ಕಲಿಸಿ, ಕೆಲಸದ ನೆಪದಲ್ಲಿ ನ್ಯೂಯಾರ್ಕಿಗೆ ದಾಟಿಸಿದರು. ಅಲ್ಲಿ ಹಡಗಿನಿಂದ ಇಳಿದವರ ಕೊರಳಲ್ಲಿ ಒಂದೊಂದು ಲೈಕಾ ಇತ್ತು ಎಂದು ಆ ಕಥೆಯನ್ನು ಬರೆದವರು ಹೇಳುತ್ತಾರೆ. ಯಾವ ಊರಿನಲ್ಲಿ ಮಾರಿದರೂ ಹಣವಾಗುವ ವಸ್ತು ಅದು. ಮಗಳನ್ನು ದೂರದ ಊರಿಗೆ ಕಳಿಸುವಾಗ ತಾಯಿ ತನ್ನ ಕೈಬಳೆ ಬಿಚ್ಚಿ ತೊಡಿಸುತ್ತಾಳಲ್ಲ, ಹಾಗೆ. ಯಜಮಾನರ ಮಗಳು ಎಲ್ಸೀ ಕ್ಯೂನ್-ಲೈಟ್ಸ್ ಕಾನೂನು ಓದಿದ ವಿದುಷಿ. ವೆಟ್ಸ್‌ಲಾರಿನ ಒಬ್ಬ ಯಹೂದಿ ಹೆಂಗಸು ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು ಹೋಗಲು ನೆರವಾದಳೆಂದು 1943ರಲ್ಲಿ ಗೆಸ್ಟಪೋ ಪೊಲೀಸರು ಈಕೆಯನ್ನು ಹಿಡಿದು ತಿಂಗಳುಗಟ್ಟಲೆ ಸೆರೆಯಲ್ಲಿಟ್ಟರು. ಅದೇ ಕಾರ್ಖಾನೆಯಲ್ಲಿ ಉಕ್ರೇನಿನಿಂದ ಬಲವಂತವಾಗಿ ತಂದ ಹೆಂಗಸರೂ ದುಡಿಯುತ್ತಿದ್ದರು ಎಂಬುದನ್ನೂ ಮುಚ್ಚಿಡುವ ಹಾಗಿಲ್ಲ. ಅವರ ಊಟ ವಸತಿಗೆಂದು ಎಲ್ಸೀ ಹೆಣಗಿದ್ದೂ ಆಕೆಯ ಮೇಲಿನ ಅನುಮಾನಕ್ಕೆ ಕಾರಣವಾಗಿತ್ತು. ಕ್ಯಾಮೆರಾದ ತಿರುಪುಗಳನ್ನು ಬಲ್ಲವರಿಗೆಲ್ಲ ಈ ಹೆಸರು ಗೊತ್ತಿರಬೇಕಿತ್ತು. ನಮ್ಮ ಸೋದರಮಾವನ ಮಗನಿಗಂತೂ ಗೊತ್ತಿರಲಿಲ್ಲ.

ಇನ್ನು ಗೆರ್ಡಾ ತಾರೋ. ಈಕೆಯ ಮೊದಲ ಹೆಸರು ಗೆರ್ಟಾ ಪೊಹೊರಿಲ್ಲೆ, 1910ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ ಯಹೂದಿ ಹುಡುಗಿ. 1933ರಲ್ಲಿ ನಾಜಿಗಳ ವಿರುದ್ಧ ಕರಪತ್ರದ ವಿಷಯದಲ್ಲಿ ಸೆರೆಯಾಗಿ, ಬಿಡುಗಡೆಯಾದ ಮೇಲೆ ಪ್ಯಾರಿಸಿಗೆ ಓಡಿದಳು. ಅಲ್ಲಿ ಹಂಗೇರಿಯಿಂದ ಬಂದ, ಅವಳಷ್ಟೇ ಬಡವನಾದ ಆಂದ್ರೆ ಫ್ರೀಡ್‌ಮನ್ ಎಂಬ ಫೋಟೋಗ್ರಾಫರ್ ಸಿಕ್ಕಿದ. ಇಬ್ಬರೂ ಸೇರಿ ಒಂದು ಹಂಚಿಕೆ ಹೂಡಿದರು. ರಾಬರ್ಟ್ ಕಾಪಾ ಎಂಬ ಶ್ರೀಮಂತ ಅಮೆರಿಕನ್ ಛಾಯಾಗ್ರಾಹಕನೊಬ್ಬನನ್ನು ಸೃಷ್ಟಿಸಿ, ಚಿತ್ರಗಳು ಅವನವೆಂದು ಹೇಳಿ ಹೆಚ್ಚಿನ ಬೆಲೆಗೆ ಮಾರತೊಡಗಿದರು! ಕೊನೆಗೆ ಆ ಹೆಸರು ಗಂಡಿನ ಪಾಲಿಗೆ ಉಳಿಯಿತು. 1936ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಇಬ್ಬರೂ ಹೋದರು. ಮೊದಮೊದಲು ಚೌಕನೆಯ ಚಿತ್ರಗಳು ಆಕೆಯವು, ಲೈಕಾದವು ಆತನವು ಎಂದು ಗುರುತಿಸಬಹುದಿತ್ತು. 1937ರಲ್ಲಿ ಆಕೆಯೂ ಲೈಕಾ ಹಿಡಿದಳು. ಆಮೇಲೆ ಯಾವುದು ಯಾರದು ಎಂಬುದು ಕಲಸಿಹೋಯಿತು.

ಆ ವರ್ಷದ ಜುಲೈನಲ್ಲಿ ಬ್ರುನೆತೆ ಎಂಬಲ್ಲಿ ಸೈನ್ಯ ಹಿಮ್ಮೆಟ್ಟುವ ಗದ್ದಲದಲ್ಲಿ, ಗಾಯಾಳುಗಳನ್ನು ತುಂಬಿದ ಕಾರಿನ ಪಕ್ಕದ ಮೆಟ್ಟಿಲ ಮೇಲೆ ನಿಂತು ಬರುತ್ತಿದ್ದ ಗೆರ್ಡಾಗೆ ಟ್ಯಾಂಕೊಂದು ಬಡಿಯಿತು. 26ರಂದು ಆಸ್ಪತ್ರೆಯಲ್ಲಿ ತೀರಿಹೋದಳು. ಪ್ಯಾರಿಸಿನಲ್ಲಿ ಆಗಸ್ಟ್ 1ರಂದು ಸಾವಿರಾರು ಜನ ಆಕೆಯನ್ನು ಮಣ್ಣಿಗೆ ಕಳಿಸಿಕೊಟ್ಟರು. ಅಂದು ಆಕೆಗೆ 27 ತುಂಬಬೇಕಿತ್ತು. ಅದಾದ ಮೇಲೆ ಆಕೆಯ ಎಷ್ಟೋ ಚಿತ್ರಗಳು ಕಾಪಾನ ಹೆಸರಿನಲ್ಲೇ ಓಡಾಡಿದವು. ಇದು ದೂರದ ಸಂಗತಿಯೇನಲ್ಲ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಅವರ ಮೊದಲ ಚಿತ್ರಗಳೂ ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಮನೆಯಲ್ಲಿ ಯಾರು ಅಡಿಗೆ ಮಾಡಿದರೂ ಬಾಗಿಲ ಹಲಗೆಯ ಮೇಲೆ ಯಾರ ಹೆಸರಿರುತ್ತದೆ ಎಂಬುದು ನಮಗೇನು ಗೊತ್ತಿಲ್ಲದ ವಿಷಯವಲ್ಲ.

ಸ್ಪೇನಿನ ಯುದ್ಧದ ನೆಗೆಟಿವ್‌ಗಳನ್ನು ತುಂಬಿದ್ದ ಮೂರು ರಟ್ಟಿನ ಪೆಟ್ಟಿಗೆಗಳು ಎರಡನೆಯ ಮಹಾಯುದ್ಧದ ಗಲಿಬಿಲಿಯಲ್ಲಿ ಪ್ಯಾರಿಸಿನಿಂದ ಕಾಣೆಯಾದವು. ಎಲ್ಲೆಲ್ಲೋ ಸುತ್ತಿ ಮೆಕ್ಸಿಕೋ ಸೇರಿ, ಒಂದು ಮನೆಯಲ್ಲಿ ದಶಕಗಟ್ಟಲೆ ಬಿದ್ದಿದ್ದವು. 2007ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಂತರರಾಷ್ಟ್ರೀಯ ಛಾಯಾಗ್ರಹಣ ಕೇಂದ್ರ ಮೊದಲ ಬಾರಿಗೆ ತಾರೋಳ ಚಿತ್ರಗಳದ್ದೇ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅದು ಇನ್ನೂ ನಡೆಯುತ್ತಿರುವಾಗಲೇ, ಡಿಸೆಂಬರಿನಲ್ಲಿ, ಆ ಮೂರು ಪೆಟ್ಟಿಗೆಗಳು ಅಲ್ಲಿಗೆ ಬಂದು ತಲುಪಿದವು. ಒಳಗೆ ಸುಮಾರು 4,500 ನೆಗೆಟಿವ್‌ಗಳು, ಕಾಪಾ, ತಾರೋ ಮತ್ತು ಅವರ ಗೆಳೆಯ ಚಿಮ್ ತೆಗೆದವು. ಖಾನೆ ಖಾನೆ ಮಾಡಿ ಸುರುಳಿಗಳನ್ನು ಸುತ್ತಿಟ್ಟು, ಯಾವ ಖಾನೆಯಲ್ಲಿ ಏನಿದೆ ಎಂದು ಕೈಬರಹದಲ್ಲಿ ಬರೆದಿದ್ದರು. ಸುರುಳಿಯನ್ನು ಬಿಡಿಸಿ, ಒಂದು ಚಿತ್ರದ ಹಿಂದೆ ಯಾವುದು, ಮುಂದೆ ಯಾವುದು ಎಂದು ಜೋಡಿಸುತ್ತ ಹೋದಂತೆ, ಅಷ್ಟು ವರ್ಷ ಕಾಪಾನವೆಂದುಕೊಂಡಿದ್ದ ಕೆಲವು ಚಿತ್ರಗಳ ಕೆಳಗೆ ಗೆರ್ಡಾ ತಾರೋ ಎಂದು ಬರೆಯಬೇಕಾಯಿತು.