ಜಗಳೂರಿನ ಗೋಡೆಯ ಮೇಲೆ ಜಪಾನಿನ ಮಳೆ

ಜಗಳೂರಿನ ಆ ಮನೆಯ ಪಡಸಾಲೆಯಲ್ಲಿ ವರ್ಷವಿಡೀ ಮಳೆ. ಮರದ ಸೇತುವೆಯ ಮೇಲೆ ಆರೇಳು ಜನ ತಲೆ ತಗ್ಗಿಸಿಕೊಂಡು ಓಡುತ್ತಿದ್ದಾರೆ. ಕೆಳಗೆ ಹೊಳೆಯಲ್ಲಿ ಒಬ್ಬ ಮರದ ದಿಮ್ಮಿಗಳ ತೆಪ್ಪ ನೂಕುತ್ತಿದ್ದಾನೆ. ‘ನಮ್ಮ ಡ್ರಾಯಿಂಗ್ ಮೇಷ್ಟ್ರು ಬರೆದ ಮಳೆ ಕಣಪ್ಪ. ಇದು ಹೊನ್ನಾಳಿ ಹೊಳೆ ಅಂತ ನಮ್ಮತ್ತೆ ಹೇಳೋರು’ ಎಂದರು ಮನೆಯ ಹಿರಿಯಮ್ಮ. ಆ ಮೇಷ್ಟ್ರು ನನ್ನ ತಾಯಿಯ ತಂದೆ. ಹೊಳೆ ಮಾತ್ರ ತುಂಗಭದ್ರೆಯಲ್ಲ, ಜಪಾನಿನ ಸುಮಿದಾ.

ನ್ಯಾಮತಿಯವರಾದ ಅಜ್ಜ ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದರು. ಆಗಿನ್ನೂ ದಾವಣಗೆರೆ ಜಿಲ್ಲೆ ಆಗಿರಲಿಲ್ಲ. ಅದು ಆದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ವರ್ಗವಾದಾಗಲೆಲ್ಲ ಬಾಡಿಗೆಗಿದ್ದ ಮನೆಯವರಿಗೆ ಒಂದು ‘ಸೀನರಿ’ ಬರೆದುಕೊಟ್ಟು ಹೋಗುವುದು ಅವರ ರೂಢಿ. ಅವರ ಟ್ರಂಕಿನಲ್ಲಿ ಹಳೆಯ ಕ್ಯಾಲೆಂಡರಿನ ಕೆಲವು ಜಪಾನಿ ಹಾಳೆಗಳಿದ್ದವು. ಅವುಗಳ ಮೇಲೆ ಪೆನ್ಸಿಲಿನ ಚೌಕುಳಿ ಗೆರೆಗಳು ಇವತ್ತಿಗೂ ಕಾಣುತ್ತವೆ.

ಈ ಚಿತ್ರಗಳನ್ನು ನನ್ನ ಪ್ರಬಂಧದಲ್ಲಿ ಸೇರಿಸಬೇಕೆಂದಾಗ ಹಿರಿಯ ವಿದ್ವಾಂಸರೊಬ್ಬರು ಕೇಳಿದರು: ‘ನಕಲಿಗೆ ಎಂಥ ಚರಿತ್ರೆ?’ ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಂತೆ, ಪ್ರಶ್ನೆಯಲ್ಲೇ ತೊಡಕಿದೆ ಅನ್ನಿಸಿತು.

ಅಜ್ಜ ನಕಲು ಮಾಡಿದ್ದು ಹಿರೋಶಿಗೆ 1857ರಲ್ಲಿ ರಚಿಸಿದ ಚಿತ್ರ. ಎದೋ, ಅಂದರೆ ಇಂದಿನ ಟೋಕಿಯೊ ನಗರದ ನೂರು ಪ್ರಸಿದ್ಧ ನೋಟಗಳ ಮಾಲೆಯಲ್ಲಿ ಅದೂ ಒಂದು. ಆದರೆ ಹಿರೋಶಿಗೆ ‘ಬರೆದ’ ಮೂಲ ಎಲ್ಲಿದೆ? ಮರದಚ್ಚಿನ ಕ್ರಮದಲ್ಲಿ ಕಲಾವಿದ ತೆಳು ಕಾಗದದ ಮೇಲೆ ಗೆರೆಚಿತ್ರ ಬರೆಯುತ್ತಾನೆ. ಅದನ್ನು ಕಾಡುಚೆರ್ರಿಯ ಹಲಗೆಗೆ ಮಗುಚಿ ಅಂಟಿಸಿ ಕೆತ್ತುತ್ತಾರೆ. ಕೆತ್ತನೆ ಮುಗಿಯುವಷ್ಟರಲ್ಲಿ ಆ ಕಾಗದ ಇಲ್ಲವಾಗುತ್ತದೆ. ಆಮೇಲೆ ಬಣ್ಣಕ್ಕೊಂದು ಹಲಗೆ. ಬಂಡವಾಳ ಹೂಡುವ ಪ್ರಕಾಶಕ, ಕೆತ್ತುವವ, ಒತ್ತುವವ ಎಲ್ಲರ ಕೈ ಕೂಡಿದರೆ ಒಂದು ಚಿತ್ರ. ಈ ಮಳೆಯ ಗೆರೆಗಳನ್ನೇ ಎರಡು ಹಲಗೆಗಳಲ್ಲಿ, ಕೊಂಚ ಬೇರೆ ಬೇರೆ ಓರೆಯಲ್ಲಿ ಕೆತ್ತಿದ್ದಾರೆ. ಆಕಾಶದ ಕಪ್ಪು ಮೋಡ ಮೆಲ್ಲಗೆ ತೆಳುವಾಗುವುದು ಒತ್ತುವವನ ಕೈಚಳಕ. ಪ್ರತಿ ಸಲವೂ ಹಲಗೆಯ ಮೇಲಿನ ಬಣ್ಣವನ್ನು ಅವನು ಒರೆಸಿ ಹದಗೊಳಿಸಬೇಕು. ಹೀಗಾಗಿ ಒಂದೇ ಚಿತ್ರದ ಪ್ರತಿಗಳಲ್ಲೂ ವ್ಯತ್ಯಾಸಗಳಿವೆ: ಕೆಲವದರಲ್ಲಿ ದೂರದ ದಡದ ಬಳಿ ಎರಡು ದೋಣಿಗಳಿವೆ, ಕೆಲವದರಲ್ಲಿ ಇಲ್ಲ.

ಇದೇ ಸೇತುವೆಯ ಮಳೆಯನ್ನು 1887ರಲ್ಲಿ ಪ್ಯಾರಿಸ್ಸಿನಲ್ಲಿದ್ದ ವಾನ್ ಗೋ ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಅದೇ ಮಾಲೆಯ ಪ್ಲಮ್ ತೋಟದ ಚಿತ್ರವನ್ನೂ ಬಿಡಲಿಲ್ಲ. ಆ ತೋಟದ ಚಿತ್ರಕ್ಕೆ ಅವನೂ ಚೌಕುಳಿ ಹಾಕಿದ್ದ! ಸುಮಾರು 36 ಸೆಂಟಿಮೀಟರ್ ಎತ್ತರದ ಅಚ್ಚು ಅವನ ಕ್ಯಾನ್ವಾಸಿನಲ್ಲಿ 73 ಸೆಂಟಿಮೀಟರ್ ಆಯಿತು. ಬಣ್ಣಗಳು ಗಾಢವಾದವು. ಅಂಚಿನಲ್ಲಿ ತನಗೆ ಓದಲು ಬಾರದ ಜಪಾನಿ ಅಕ್ಷರಗಳನ್ನು ಬೇರೆ ಅಚ್ಚುಗಳಿಂದ ತಂದು ತುಂಬಿದ. ಆ ಕ್ಯಾನ್ವಾಸುಗಳನ್ನು ಇಂದು ಯಾರೂ ಬರೀ ನಕಲು ಎಂದು ಬದಿಗಿಡುವುದಿಲ್ಲ.

ನಮ್ಮ ದೇಶದಲ್ಲೂ ಇದು ಹೊಸದಲ್ಲ. 1916ರಲ್ಲಿ ಜಪಾನಿಗೆ ಹೋದ ರವೀಂದ್ರನಾಥ ಟಾಗೋರರು ಯೊಕೊಯಾಮಾ ತೈಕಾನ್ ಮತ್ತು ಶಿಮೊಮುರಾ ಕಾನ್‌ಜಾನ್ ಅವರ ಚಿತ್ರಗಳಿಗೆ ಮನಸೋತು, ಅರೈ ಕಾಂಪೊ ಎಂಬ ಕಲಾವಿದನಿಂದ ಕೈನಕಲು ಮಾಡಿಸಿಕೊಂಡರು. ಕಾಂಪೊ ಮುಂದೆ ಭಾರತಕ್ಕೆ ಬಂದು ಅಜಂತೆಯ ಭಿತ್ತಿಚಿತ್ರಗಳನ್ನು ನಕಲು ಮಾಡಿದ. ಅದಕ್ಕೂ ಮೊದಲು, 1903ರಲ್ಲಿ ತೈಕಾನ್ ಕಲ್ಕತ್ತೆಗೆ ಬಂದಿದ್ದಾಗ ಅವನು ಕಾಗದವನ್ನು ಕುಂಚದಿಂದ ಒದ್ದೆ ಮಾಡುವುದನ್ನು ಅವನೀಂದ್ರನಾಥರು ಕಂಡರು. ತಾವು ಇಡೀ ಹಾಳೆಯನ್ನೇ ನೀರಿನಲ್ಲಿ ಅದ್ದಿ ನೋಡಿದರು. ಬಂಗಾಳದ ‘ವಾಶ್’ ಶೈಲಿ ರೂಪುಗೊಂಡದ್ದು ಹೀಗೆ. 1909ರಲ್ಲಿ ಮೈಸೂರಿನಿಂದ ಅಲ್ಲಿಗೆ ಹೋದ ಕೆ. ವೆಂಕಟಪ್ಪನವರು ಆ ಗುರುವಿನ ಶಿಷ್ಯರು. ಅವರು ಮುಂದೆ ಬರೆದ ಊಟಿ, ಕೊಡೈಕೆನಾಲ್‌ಗಳ ಜಲವರ್ಣಗಳಲ್ಲಿ ಜಪಾನನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಬೆಟ್ಟದೆದುರು ಕೂತು ನೋಡಿದ ಕಣ್ಣು. ಕಲಿತದ್ದು ಕಲಿತವನ ಕೈಯಲ್ಲಿ ಬೇರೆಯಾಗುತ್ತದೆ.

ಅಜ್ಜ ವೆಂಕಟಪ್ಪನವರಲ್ಲ. ಸಂಬಳ ಉಳಿಸಿ ಪೋಸ್ಟರ್ ಬಣ್ಣದ ಶೀಶೆ ಕೊಳ್ಳುತ್ತಿದ್ದ ಮೇಷ್ಟ್ರು. ಅವರ ಡಬ್ಬಿಯಲ್ಲಿ ಉಳಿದಿರುವ ಒಂದು ಶೀಶೆಯ ಮೇಲೆ ‘ಪ್ರಷ್ಯನ್ ಬ್ಲೂ’ ಎಂದಿದೆ. 18ನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಈ ನೀಲಿ ಹಡಗಿನಲ್ಲಿ ಜಪಾನಿಗೆ ಹೋಯಿತು. 1830ರ ಹೊತ್ತಿಗೆ ಅಗ್ಗವಾಗಿ, ಹೊಕುಸಾಯ್ ಮತ್ತು ಹಿರೋಶಿಗೆಯ ನೀರು, ಆಕಾಶಗಳಿಗೆಲ್ಲ ಹರಡಿತು. ಜಪಾನಿನದೆಂದು ಲೋಕ ಮೆಚ್ಚಿದ ನೀಲಿಯೂ ಹೊರಗಿನಿಂದ ಬಂದದ್ದೇ. ಅದೇ ಹೆಸರಿನ ನೀಲಿ ಕೊನೆಗೆ ಜಗಳೂರಿಗೂ ಬಂತು.

ಚನ್ನಗಿರಿಯ ಚಿತ್ರ ಗೆದ್ದಲಿಗೆ ಹೋಗಿದೆ. ಹೊನ್ನಾಳಿಯ ಮನೆಯನ್ನೇ ಕೆಡವಿದ್ದಾರೆ. ನಾನು ಕಣ್ಣಾರೆ ಕಂಡದ್ದು ಜಗಳೂರಿನದೊಂದೇ. ಸಾವಿರಾರು ಪ್ರತಿಗಳಾಗಿ ಮಾರಾಟಕ್ಕೆ ಬರುತ್ತಿದ್ದ ಅಚ್ಚಿನ ಕಲೆಯೊಂದು ಇಲ್ಲಿ ಒಂದೇ ಒಂದು ಪ್ರತಿಯಾಗಿ ಉಳಿದಿದೆ. ಕ್ಯಾಲೆಂಡರಿನ ಹಾಳೆಯ ಜೊತೆ ಇಟ್ಟು ನೋಡಿದೆ. ಅಜ್ಜ ಸೇತುವೆಯ ಕಂಬ, ಜನ, ತೆಪ್ಪ ಎಲ್ಲವನ್ನೂ ಲೆಕ್ಕ ತಪ್ಪದೆ ಇಳಿಸಿದ್ದಾರೆ. ಮಳೆಯ ಗೆರೆಗಳನ್ನು ಮಾತ್ರ ಹಾಳೆಯಲ್ಲಿರುವುದಕ್ಕಿಂತ ದಟ್ಟವಾಗಿ ಎಳೆದಿದ್ದಾರೆ. ಬರದ ಸೀಮೆಯ ಮನೆಯವರಿಗೆಂದೇ ಹೆಚ್ಚು ಮಳೆ ಸುರಿಸಿದರೋ, ಕೈ ನಿಲ್ಲಲಿಲ್ಲವೋ, ಕೇಳಲು ಅವರಿಲ್ಲ.

ಹಿರಿಯಮ್ಮನಿಗೆ ಹಿರೋಶಿಗೆಯ ವಿಷಯ ಹೇಳಿದೆ. ಗಮನವಿಟ್ಟು ಕೇಳಿದರು. ‘ಜಪಾನಾದರೂ ಮಳೆ ಮಳೆನೇ ಅಲ್ವಾ’ ಎಂದರು. ಉಗಾದಿಗೆ ಸುಣ್ಣ ಬಳಿಯುವಾಗ ಚಿತ್ರವನ್ನು ಇಳಿಸಿ, ಒರೆಸಿ, ಮತ್ತೆ ಅದೇ ಮೊಳೆಗೆ ಹಾಕುತ್ತಾರಂತೆ. ನಾನು ಅಳತೆ ಬರೆದುಕೊಂಡು, ಫೋಟೊ ತೆಗೆದುಕೊಂಡು, ಚಿತ್ರವನ್ನು ಅಲ್ಲಿಯೇ ಬಿಟ್ಟು ಬಂದೆ. ಪ್ರಬಂಧದ ಟಿಪ್ಪಣಿಯಲ್ಲಿ ‘ನಕಲು’ ಎಂಬ ಪದವನ್ನು ಹಾಗೆಯೇ ಇಟ್ಟಿದ್ದೇನೆ. ಅದರ ಪಕ್ಕದಲ್ಲಿ ಊರು, ವರ್ಷ, ಮನೆ, ಬರೆದವರ ಹೆಸರು ಸೇರಿಸಿದ್ದೇನೆ.