ಎತ್ತು ಬಿದ್ದರೆ ದಂಡು ಬಿತ್ತು

ನಮ್ಮ ಕಡೆ ದಂಡಿನ ಪದ ಹಾಡುವಾಗ ಕುದುರೆ ಬರ್ತದೆ, ಕತ್ತಿ ಬರ್ತದೆ, ಆನೆ ಬರ್ತದೆ. ಎತ್ತು ಬರೋದು ಅಪರೂಪ. ಆದರೆ ಹೊಸೂರು, ರಾಯಕೋಟೆ, ಕೃಷ್ಣಗಿರಿ ಕೋಟೆಗಳ ಚರಿತ್ರೆಯನ್ನು ಒಕ್ಕಲುಮಗನ ಕಣ್ಣಿಂದ ನೋಡಿದರೆ, ಗೆದ್ದವನ ಹಣೆಬರಹವನ್ನೂ ಸೋತವನ ಹಣೆಬರಹವನ್ನೂ ಬರೆದದ್ದು ಎತ್ತು ಮತ್ತು ಹುಲ್ಲು.

1791ರಲ್ಲಿ ಇಂಗ್ಲಿಷ್ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡು ನಡೆಸಿಕೊಂಡು ಟಿಪ್ಪು ಸುಲ್ತಾನನ ಮೇಲೆ ಬಂದ. ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಟಿಪ್ಪು ಏನು ಮಾಡಿದ? ದಾರಿ ಮೇಲಿನ ಊರುಗಳಲ್ಲಿ ಹುಲ್ಲು ಸುಡಿಸಿದ, ಕಾಳುಕಡ್ಡಿ, ದನಕರು ಒಂದೂ ಸಿಗದ ಹಾಗೆ ಮಾಡಿದ. ಮೇ 15ರಂದು ಅರಕೆರೆ ಹತ್ತಿರ ಕಾಳಗ ಆಯ್ತು. ಗೆದ್ದವನು ಕಾರ್ನ್‌ವಾಲಿಸ್. ಆದರೂ 26ನೇ ತಾರೀಕು ಬೆಂಗಳೂರಿನ ಕಡೆ ವಾಪಸು ಹೊರಟವನೂ ಅವನೇ!

ಕಾರಣ ಶತ್ರುವಿನ ಕತ್ತಿಯಲ್ಲ. ಮೇವಿಲ್ಲದೆ, ಮಳೆಯಲ್ಲಿ ನೆಂದು, ರೋಗ ಬಂದು ಎತ್ತುಗಳು ಸಾಲುಸಾಲಾಗಿ ಸತ್ತವು. ಸಿಪಾಯಿಗಳೇ ಹಗ್ಗ ಹಿಡಿದು ತೋಪು ಎಳೆದರು. ಕೋಟೆ ಒಡೆಯಲು ಅಷ್ಟು ದೂರದಿಂದ ತಂದಿದ್ದ ದೊಡ್ಡ ತೋಪುಗಳನ್ನು ಕನ್ನಂಬಾಡಿ ಹತ್ತಿರ ತಮ್ಮ ಕೈಯಾರೆ ಹಾಳು ಮಾಡಿದರು. ಹೊಟ್ಟೆಗಿಲ್ಲದವನಿಗೆ ಗೆದ್ದ ಸುದ್ದಿಯಿಂದ ಏನು ಬಂತು? ದಾರಿಯಲ್ಲಿ ಮರಾಠರ ಕುದುರೆ ದಂಡು ಕಂಡಾಗ, ಬಂದವರು ತಮ್ಮ ಕಡೆಯವರೇ ಅಂತ ಗೊತ್ತಾಗದೆ ಶತ್ರು ಅಂದುಕೊಂಡರು. ಆಮೇಲೆ ಅದೇ ಮರಾಠರ ಸಂತೆಯಲ್ಲಿ ದುಬಾರಿ ಬೆಲೆಗೆ ಕಾಳು ಕೊಂಡು ಜೀವ ಉಳಿಸಿಕೊಂಡರು.

ಒಂದು ಲೆಕ್ಕ ಹಾಕೋಣ. ಆಳಿಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ ಅಂದರೆ 20,000 ಜನಕ್ಕೆ 10,000 ಕಿಲೋ. ಒಂದು ಹೇರೆತ್ತು 80 ಕಿಲೋ ಹೊತ್ತರೆ ದಿನಕ್ಕೆ 125 ಎತ್ತು, ತಿಂಗಳಿಗೆ 3,750 ಎತ್ತಿನ ಹೊರೆ. ದಂಡಿನ ಹಿಂದೆ ಬರುವ ಆಳುಕಾಳು, ಅಂಗಡಿಯವರು, ಹೆಂಡತಿ ಮಕ್ಕಳು ಇದರಲ್ಲಿ ಸೇರಿಲ್ಲ. ಎತ್ತು ತಿನ್ನುವ ಮೇವೂ ಸೇರಿಲ್ಲ. ಒಂದು ಜೋಡಿ ಸಾಕೋದೇ ಎಷ್ಟು ಕಷ್ಟ ಅನ್ನೋದು ಬೇಸಿಗೆಯಲ್ಲಿ ನಮಗೆ ಗೊತ್ತಲ್ಲ.

ಕಾರ್ನ್‌ವಾಲಿಸ್ ಈ ಪಾಠ ಕಲಿತದ್ದು ನಮ್ಮ ಸೀಮೆಯ ಮೇಲೆ. ಮದರಾಸಿನಿಂದ ದವಸ ಬರಬೇಕಾದರೆ ಘಟ್ಟ ಹತ್ತಬೇಕು. ಘಟ್ಟದ ಬಾಗಿಲು ರಾಯಕೋಟೆ. ಅದಕ್ಕೇ 1791ರ ಜುಲೈನಲ್ಲಿ ಮೊದಲು ಹೊಸೂರು, ಆಮೇಲೆ ರಾಯಕೋಟೆ ಹಿಡಿಸಿದ. ಆಗಸ್ಟ್‌ನಲ್ಲಿ ಆಂಬೂರಿನ ಕಡೆಯಿಂದ ಹಣ ಹೊತ್ತ 100 ಆನೆ, ಅಕ್ಕಿ ಹೊತ್ತ 6,000 ಎತ್ತು ಅವನ ದಂಡನ್ನು ಸೇರಿದವು. ಹೇರೆತ್ತಿನ ಮೇಲೆ ಕಾಳು ವ್ಯಾಪಾರ ಮಾಡುವ ಲಂಬಾಣಿಗಳನ್ನೂ ಒಲಿಸಿಕೊಂಡ. ಮರು ವರ್ಷ ಫೆಬ್ರವರಿಯಲ್ಲಿ ಅದೇ ಶ್ರೀರಂಗಪಟ್ಟಣದ ಮುಂದೆ ನಿಂತದ್ದು ಹೊಟ್ಟೆ ತುಂಬಿದ ದಂಡು. ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯ್ತು. ಬಾರಾಮಹಲ್ ಕಂಪನಿಗೆ ಹೋದದ್ದು ಆಗಲೇ.

ಹಾಗಂತ ಕಾಳೊಂದೇ ಸಾಕು ಅನ್ನಬೇಡಿ. 1791ರ ನವೆಂಬರ್‌ನಲ್ಲಿ ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿ ಕೃಷ್ಣಗಿರಿ ಮೇಲೆ ಬಿದ್ದ. ಕೆಳಗಿನ ಪೇಟೆ ಸಿಕ್ಕಿತು. ಆದರೆ ಬೆಟ್ಟದ ಮೇಲಿದ್ದವರು ಎದೆಗುಂದಲಿಲ್ಲ. ಬಂಡೆ ಉರುಳಿಸಿ ಏಣಿಗಳನ್ನು ಪುಡಿ ಮಾಡಿದರು. ಉಂಡು ಬಂದ ದಂಡೂ ಹಿಂದಕ್ಕೆ ಹೋಯ್ತು. ಧೈರ್ಯಕ್ಕೆ ಅನ್ನ ಬೇಕು, ಅನ್ನಕ್ಕೆ ಧೈರ್ಯವೂ ಬೇಕು.

1799ರಲ್ಲಿ ಜನರಲ್ ಹ್ಯಾರಿಸ್ ಬಂದದ್ದೂ ರಾಯಕೋಟೆ, ಕೆಲಮಂಗಲ, ಆನೇಕಲ್ ದಾರಿಯಲ್ಲೇ. ಟಿಪ್ಪು ಈ ಸಲವೂ ಹಳೇ ದಾರಿಯ ಮೇವು ಸುಡಿಸಿದ್ದ. ಹ್ಯಾರಿಸ್ ಮಳವಳ್ಳಿ ದಾಟಿದ ಮೇಲೆ ದಾರಿ ಬದಲಾಯಿಸಿ, ಸೋಸಲೆ ಹತ್ತಿರ ಕಾವೇರಿ ದಾಟಿದ. ಆ ಕಡೆ ಸುಡದೆ ಉಳಿದಿದ್ದ ಮೇವು, ದನ ಅವನಿಗೆ ಸಿಕ್ಕವು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಆದರೆ ಸುಟ್ಟ ಆ ಹುಲ್ಲು ಯಾರದು? ಸುಲ್ತಾನನದ್ದಲ್ಲ, ಕಂಪನಿಯದ್ದೂ ಅಲ್ಲ. ವರ್ಷವಿಡೀ ದುಡಿದು ಬಣವೆ ಒಟ್ಟಿದವನದ್ದು. ಅರಸ ಸುಟ್ಟರೂ ಪರರು ಒಯ್ದರೂ ಬರಿದಾದದ್ದು ಅವನ ಕೊಟ್ಟಿಗೆಯೇ. ಮುಂದಿನ ಮಳೆಗೆ ಉಳೋದಕ್ಕೆ ಎತ್ತಿಲ್ಲದ ಮನೆಯಲ್ಲಿ ಯಾರು ಗೆದ್ದರೂ ಅಷ್ಟೇ. ಅವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಮಾಸ್ತರುಗಳಲ್ಲಿ ನನ್ನದೊಂದು ಮಾತು. ಮಕ್ಕಳನ್ನು ಕೃಷ್ಣಗಿರಿ ಬೆಟ್ಟಕ್ಕೋ ರಾಯಕೋಟೆಗೋ ಕರಕೊಂಡು ಹೋದಾಗ ತೋಪು ಎಲ್ಲಿತ್ತು ಅಂತ ತೋರಿಸಿ, ಬೇಡ ಅನ್ನೋದಿಲ್ಲ. ಜೊತೆಗೆ ಇದನ್ನೂ ಕೇಳಿ: ಇಲ್ಲಿದ್ದವರಿಗೆ ರಾಗಿ ಯಾವ ಊರಿಂದ ಬಂತು, ಹೊತ್ತು ತಂದ ಎತ್ತು ಯಾರ ಮನೇದು? ಒಕ್ಕಲು ಮಕ್ಕಳು ಉತ್ತರ ಹೇಳ್ತಾರೆ.